ಬೀಸುವ ಕಲ್ಲಿನ ಇನ್ನೊಂದು ಹೋಳು

ಜಾಲಿಯ ಮುಳ್ಳು ಸೆರಗು ಹಿಡಿದು ಜಗ್ಗಿತು, ತಡಿಯೋ ಯಪ್ಪಾ, ಬಿಡಿಸ್ಕೋತೀನಿ, ಎಂದು ಹಣಮಮ್ಮ ಮುಳ್ಳಿಗೇ ಹೇಳಿದಳು, ಕೈಯಲ್ಲಿ ಸುಣ್ಣದ ಬಕೀಟು, ಅದರೊಳಗೊಂದು ಕುಂಚ — ದೋರನಹಳ್ಳಿಯ ಈ ಹಳೇ ಸುಡುಗಾಡಿಗೆ ಅವಳು ಕಾಲಿಡುತ್ತಿರುವುದು ಇದೇ ಮೊದಲು, ಅರವತ್ತು ಹತ್ತಿರ ಬಂದರೂ ಮೊದಲು, ಹೆಂಗಸರು ಇತ್ತ ಬರುವ ರೂಢಿಯೇ ಇರಲಿಲ್ಲ, ಈಗಂತೂ ಗಂಡಸರೂ ಬರುವುದಿಲ್ಲ, ಕಾಲುವೆ ಹತ್ತಿರ ಹೊಸ ಜಾಗ ಆದಮೇಲೆ ಇಲ್ಲಿ ಮಲಗಿದವರನ್ನೆಲ್ಲ ಜಾಲಿಗೆ ಒಪ್ಪಿಸಿ ಊರು ಕೈತೊಳೆದುಕೊಂಡಿತು, ಇವತ್ತು ಮೈದುನನ ಮಗ ಬಸವಂತ ತನ್ನ ವಾರಿಗೆಯವರನ್ನು ಕಟ್ಟಿಕೊಂಡು ಜೇಸಿಬಿ ಕರೆಸಿದ್ದಾನೆ, ಜಾಲಿ ಕಿತ್ತು ಸುತ್ತ ತಂತಿ ಬೇಲಿ ಹಾಕ್ತೀವಿ ದೊಡ್ಡವ್ವ, ನಿಮ್ಮ ನಿಮ್ಮ ಹಿರೇರ ಕಲ್ಲಿಗೆ ಸುಣ್ಣ ಹಚ್ಚಿಬಿಡ್ರಿ, ಹಚ್ಚಿದ್ದು ಉಳೀತದ, ಹಚ್ಚದೇ ಇದ್ದದ್ದು ಬೇರಿನ ಜೋಡಿ ಹೋಗ್ತದ — ಒಳ್ಳೆಯ ಹುಡುಗ, ಒಳ್ಳೆಯ ಕೆಲಸ, ಆದರೆ ಒಂಬತ್ತು ದಿನದ ಕೂಸು ಯಾರಿಗೆ ಹಿರಿಯದು, ಅದರ ಕಲ್ಲು ಯಾವುದು.

ಒಂಬತ್ತೇ ದಿನ. ಹದಿಮೂರಕ್ಕೆ ತೊಟ್ಟಿಲಿಗೆ ಹಾಕಿ ಹೆಸರಿಡಬೇಕಿತ್ತು, ಹೆಸರೂ ಇಲ್ಲದ ಹೋಯ್ತು ನನ್ನವ್ವ, ತಲೆ ತುಂಬ ಕೂದಲಿತ್ತು, ಅಂಗೈಯಷ್ಟು ಮುಖ, ಗಂಡ ಬೀರಣ್ಣ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲಿಂದ ಹೊರಟಾಗ ಅತ್ತೆ ಅಡ್ಡ ನಿಂತಿದ್ದಳು, ನೀ ನೋಡಬ್ಯಾಡ, ಕೂಸು ಇಟ್ಟ ಜಾಗ ಹಡದಾಕಿಗೆ ಗೊತ್ತಾಗಬಾರದು, ಗೊತ್ತಾದ್ರ ಮನಸು ಅಲ್ಲೇ ಕುಂದ್ರತದ, ಮುಂದಿನ ಬಸುರು ನಿಲ್ಲಂಗಿಲ್ಲ — ನಿಂತವಲ್ಲ ಅತ್ತಿ, ನಾಕು ನಿಂತವು, ನಾಕಕ್ಕೂ ಮದುವೆಯಾಗಿ ಮೊಮ್ಮಕ್ಕಳು ಕುರಿಮರಿಗಳ ಹಾಗೆ ಮನೆ ತುಂಬ ಓಡುತ್ತಿವೆ, ಆದರೂ ಮನಸು ಹೋಗಿ ಕೂರುವುದು ಇಲ್ಲಿಯೇ, ಜಾಗ ಗೊತ್ತಿಲ್ಲದೇ ಹೋಗಿದ್ದಕ್ಕೆ ಇಡೀ ಸುಡುಗಾಡಿನ ತುಂಬ ಕೂರುತ್ತದೆ. ಗಂಡನನ್ನು ಕೇಳಿದರೆ ಅವನದ್ದು ಒಂದೇ ಮಾತು, ಅವ್ವ ಹೇಳಬ್ಯಾಡ ಅಂದಾಳ, ಆಮೇಲೆ ಅವ್ವ ಸತ್ತಳು, ಆಗ ಕೇಳಿದರೆ, ನೆನಪಿಲ್ಲ ಬಿಡು, ಕುರಿಯೊಂದು ತಪ್ಪಿಸಿಕೊಂಡರೆ ಸುರಪುರದ ಗುಡ್ಡದ ತನಕ ಹೆಜ್ಜೆ ಹಿಡಿದು ಹೋಗುವ ಗಂಡಸಿಗೆ ಇದು ಮಾತ್ರ ನೆನಪಿಲ್ಲವಂತೆ.

ಅದೋ ಅಲ್ಲಿ ನೆಗೆಣ್ಣಿ ಸುಂದ್ರಮ್ಮ, ಮೈದುನನ ಹೆಂಡತಿ, ಮಾವನ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದಾಳೆ, ಅಕ್ಕಾ, ಈ ಕಡಿ ಬಾ, ಅಲ್ಲಿ ಹಾವು ಇರ್ತಾವ, ಎಂದು ಕೂಗುತ್ತಾಳೆ, ಇರಲಿ ಬಿಡು, ನಿನಗೇನು — ಸುಂದ್ರಮ್ಮನ ಮೇಲೆ ಅವಳಿಗೆ ಒಂದು ಕಲ್ಲಿನ ಸಿಟ್ಟು ಇದೆ, ತುಂಬು ಬಸುರಿಯಾಗಿ ಜೋಳ ಬೀಸಲು ಕೂತ ಹಣಮಮ್ಮ ಬೀಸುವ ಕಲ್ಲಿನ ಮೇಲಿನ ಭಾಗ ಎತ್ತುವಾಗ ಸೊಂಟ ಹಿಡಿದು ಕೈಬಿಟ್ಟಿದ್ದಳು, ಜೋಳ ಹಾಕುವ ತೂತಿನ ನಡುವೆಯೇ ಸರಿಯಾಗಿ ಎರಡು ಹೋಳು, ಅವತ್ತೇ ಹೆರಿಗೆ ಬ್ಯಾನಿ ಶುರು, ಒಂದು ಹೋಳು ಬಚ್ಚಲಿಗೆ ಹಾಸಾಯಿತು, ಇವತ್ತಿಗೂ ಅದರ ಮೇಲೆ ನಿಂತೇ ಕಾಲು ತೊಳೆಯುವುದು, ಅಂಚಿನ ಅರ್ಧ ತೂತಿನಲ್ಲಿ ನೀರು ನಿಲ್ಲುತ್ತದೆ, ಇನ್ನೊಂದು ಹೋಳು ಬಾಣಂತನದಲ್ಲೇ ಮಾಯ, ಸುಂದ್ರಮ್ಮನೇ ತವರಿಗೆ ಸಾಗಿಸಿದಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದಳು ಹಣಮಮ್ಮ, ಒಡದ ಕಲ್ಲು ಒಯ್ದು ನಾ ಏನು ಮಾಡ್ಲಿ ಅಕ್ಕಾ ಎಂದು ಅವಳು ಅತ್ತರೂ ಬಿಡಲಿಲ್ಲ, ಮೂವತ್ತೆಂಟು ವರ್ಷ ಬಿಡಲಿಲ್ಲ.

ಜೇಸಿಬಿ ಗುರುಗುಟ್ಟಿತು, ಆಗಲೇ ಆ ತುದಿಯಿಂದ ಮಣ್ಣು ಹೊರಳುತ್ತಿದೆ, ಬಸವಂತಾ, ತಡಿ ಹೇಳೋ, ನಂದು ಇನ್ನಾ ಸಿಕ್ಕಿಲ್ಲ, ಹತ್ತು ನಿಮಿಷ ದೊಡ್ಡವ್ವ, ಅಷ್ಟೇ, ಇಲ್ಲಿ ಎಲ್ಲವೂ ಕಲ್ಲು, ಎಲ್ಲವೂ ಜಾಲಿ, ಎಲ್ಲಕ್ಕೂ ಹಚ್ಚಿಬಿಡಲೇ, ಬಕೀಟು ಮುಳ್ಳಿಗೆ ತಗುಲಿ ಸುಣ್ಣ ಸೀರೆಯ ಮೇಲೆ ಚೆಲ್ಲಿತು, ಬಗ್ಗಿ ಒರೆಸಿಕೊಳ್ಳುವಾಗ ಮುಳ್ಳಿನ ಬುಡದಲ್ಲಿ ದುಂಡನೆಯ ಅಂಚೊಂದು, ಇದು ಗುಡ್ಡದ ಕಲ್ಲಲ್ಲ, ಉಳಿಯಿಂದ ಟಾಕಿ ಹೊಡೆದ ಗುರುತು, ಇದನ್ನು ಅವಳ ಅಂಗೈ ಬಲ್ಲದು, ಮಣ್ಣು ಕೆದರಿದಳು, ನೆಟ್ಟಗಿನ ಒಡಕು, ಒಡಕಿನ ನಡುವೆ ಅರ್ಧ ತೂತು.

ಬೀರಣ್ಣ ಯಾವಾಗಲೋ ಬಂದು ಹಿಂದೆ ನಿಂತಿದ್ದಾನೆ, ಹೆಗಲ ಮೇಲಿನ ಕಂಬಳಿ ಕೈಗೆ ತೆಗೆದುಕೊಂಡಿದ್ದಾನೆ, ಇದ ನೋಡು, ಅವ್ವ ನೆಲಾ ಸಮ ಮಾಡಿ ಬಾ ಅಂದಿದ್ಲು, ನರಿ ಕೆದರ್ತಾವಂತ ನಾನೇ ಹೊಳ್ಳಿ ಮನಿಗೆ ಬಂದು ಈ ಹೋಳು ಒಯ್ದೆ, ಯಾವುದರೆ ಕಲ್ಲು ಇಡಾಕ ಮನಸು ಬರ್ಲಿಲ್ಲ, ನೀ ದಿನಾ ಕೈ ಹಚ್ಚಿದ್ದು ಇರ್ಲಿ ಅಂತ, ಜಾಲಿ ಬೆಳದ ಮ್ಯಾಲ ನನಗೂ ಸಿಗಲಿಲ್ಲ, ನಾಕು ಸಲ ಬಂದು ಹುಡುಕೀನಿ — ನಾಕು ಸಲ, ನನಗೆ ಹೇಳದೆ, ಎಂಥಾ ಮನುಷ್ಯನಪ್ಪಾ ನೀನು, ಬಯ್ಯಬೇಕೆಂದು ಬಾಯಿ ತೆರೆದವಳು ಅತ್ತ ತಿರುಗಿ ಕೂಗಿದಳು, ಸುಂದ್ರಾ, ಸುಂದ್ರಾ, ಕಲ್ಲು ಇಲ್ಲೇ ಅದ, ತಪ್ಪಾಯ್ತು ತಂಗೀ, ಅಯ್ಯ ಸಿಕ್ತಾ ಅಕ್ಕಾ ಎಂದು ಅವಳು ಎಲ್ಲ ಮರೆತು ಮುಳ್ಳಿನಲ್ಲೇ ಓಡಿ ಬರುತ್ತಿದ್ದಾಳೆ, ಸುಣ್ಣ ಹಚ್ಚು, ಜೇಸಿಬಿ ಬಂತು, ಬೀರಣ್ಣ ಕುಂಚ ಕೈಗಿಡುತ್ತಾನೆ, ಹಚ್ಚುತ್ತೇನೆ, ತಡಿ, ದಿನಾ ಬೆಳಗ್ಗೆ ಬಚ್ಚಲಲ್ಲಿ ಇದರ ಜೋಡಿಯ ಮೇಲೆ ನಿಂತಿದ್ದೆನಲ್ಲ, ಅಲ್ಲಿ ನೀರು ನಿಲ್ಲುತ್ತಿತ್ತಲ್ಲ, ಇಲ್ಲಿ ಮಣ್ಣು ತುಂಬಿದೆ, ಹೆಬ್ಬೆರಳಿನಿಂದ ಮೆಲ್ಲಗೆ ಮಣ್ಣು ತೆಗೆದಳು, ಒಂದು ಹಿಡಿ ಜೋಳ ಹಿಡಿಯದ ತೂತು, ಅರ್ಧ ತೂತು, ಅಲ್ಲಿ ಅರ್ಧ, ಇಲ್ಲಿ ಅರ್ಧ —