ಎರಡು ಚಮಚ ಜೋಳದ ಹಿಟ್ಟು

ಮಾಂಜ್ರಾ ನದಿಯ ಮರಳಿನಲ್ಲಿ ಎಷ್ಟು ತೋಡಿದರೂ ಒರತೆ ಕಾಣದ ವರ್ಷ ಅದು. ಭಾತಂಬ್ರಾದ ಅರ್ಧ ಊರು ಹೈದರಾಬಾದಿಗೆ ಗುಳೆ ಹೋಗಿತ್ತು. ಗಿರಿಜಾಬಾಯಿಯ ಮಗ ಕಾಶೀರಾಮ ಹೆಂಡತಿ ಶಾಲುಬಾಯಿಯೊಂದಿಗೆ ಅದಕ್ಕೂ ಮೊದಲೇ ಹೋಗಿ ಮೂರು ವರ್ಷವಾಗಿತ್ತು. ಅಲ್ಲಿ ಕಟ್ಟಡದ ಹಲಗೆಯಿಂದ ಜಾರಿಬಿದ್ದು ತಲೆಗೆ ಪೆಟ್ಟಾದವನು ಈಗ ಬೀದರಿನ ದೊಡ್ಡ ದವಾಖಾನೆಯ ಐಸಿಯುವಿನಲ್ಲಿ ಕಣ್ಣು ಬಿಡದೆ ಮಲಗಿದ್ದ. ಮೂಗಿನಿಂದ ಹೊಟ್ಟೆಗಿಳಿದ ಸಣ್ಣ ನಳಿಗೆಯೇ ಅವನ ಬಾಯಿ.

ಆ ವಾರ್ಡಿನಲ್ಲಿ ಮೊದಲೆಲ್ಲ ಸ್ಕ್ಯಾನಿಗೆಂದೋ ವಾಂತಿಯ ಭಯಕ್ಕೋ ನಳಿಗೆಯ ಊಟ ನಿಂತರೆ ನಿಂತೇ ಹೋಗುತ್ತಿತ್ತು. ಸಿಸ್ಟರ್ ಲಿಡಿಯಾ ಬಂದಮೇಲೆ ಪ್ರತಿ ಮಂಚಕ್ಕೂ ಒಂದು ಹಾಳೆ ತೂಗುಬಿತ್ತು: ಹೊಟ್ಟೆಗೆ ಹೋಗಬೇಕಾದದ್ದು ಎಷ್ಟು, ಹೋದದ್ದು ಎಷ್ಟು. ಮನೆಯವರಲ್ಲಿ ಒಬ್ಬರಿಗೆ ಆಕೆಯೇ ಊಟ ತಯಾರಿಸುವುದನ್ನು ಕಲಿಸುತ್ತಿದ್ದಳು. ಬೇಳೆಕಟ್ಟು, ಹಾಲು, ಮೊಟ್ಟೆಯ ಬಿಳಿ, ಮೆತ್ತನೆಯ ಅನ್ನ. ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು.

ಕಲಿಯಲು ಕರೆದದ್ದು ಶಾಲುವನ್ನು.

"ಹೆತ್ತಾಕಿ ನಾ ಇಲ್ಲೇ ನಿಂತೀನಿ. ಆಕಿನ್ನ ಯಾಕ ಕರೀತೀರಿ?"

"ಆಯಿ, ನಿಮಗ ಕಣ್ಣು ಮಂಜ್ರಿ. ಸಿರಿಂಜಿನ ಅಳತಿ ಗೆರಿ ಕಾಣೂದಿಲ್ಲ."

ಗಿರಿಜಾಬಾಯಿಯ ಎದೆಯಲ್ಲಿ ಒಣಮೆಣಸಿನಕಾಯಿ ಸುಟ್ಟಂತಾಯಿತು. ಮೂರು ವರ್ಷ ಪರಊರಿನಲ್ಲಿ ಇವಳೇ ಉಣಿಸಿದಳು. ಈಗ ಎರಡು ತಾಸಿಗೊಮ್ಮೆ, ದೇವರಿಗೆ ಎಡೆ ತೋರಿಸುವವಳ ಹಾಗೆ ಸೆರಗು ಹೊದ್ದು, ಸಿರಿಂಜು ಎತ್ತಿ ಹಿಡಿದು, ಮತ್ತೆ ಇವಳೇ ಉಣಿಸುತ್ತಾಳೆ! ಹಲ್ಲು ಬಾರದ ಕಾಶೀರಾಮ ಬೆಳೆದದ್ದು ತಾಯಿ ಕಾಸಿದ ಜೋಳದ ಅಂಬಲಿಯಿಂದ. ಆ ಹೊಟ್ಟೆಗೆ ತಾಯಿಯ ಕೈ ಗುರುತು ಸಿಗಬೇಡವೇ?

ಎಂಟನೆಯ ದಿನ ಶಾಲು ನೀರಿಗೆ ಹೋದಾಗ, ಗಿರಿಜಾಬಾಯಿ ಸೋಸಿಟ್ಟ ಬಿಸಿ ಪಾತ್ರೆಗೆ ತನ್ನ ಗಂಟಿನಿಂದ ಎರಡು ಚಮಚ ಜೋಳದ ಹಿಟ್ಟು ಕಲಸಿ ಸುಮ್ಮನೆ ಕೂತಳು. ಜೀವ ತಂಪಾಯಿತು.

ಹಿಟ್ಟು ಬಿಸಿಗೆ ಬೆಂದು, ಆರುತ್ತ ಗಟ್ಟಿಯಾಯಿತು. ಶಾಲು ಬಂದು ಹೊಯ್ದಾಗ ಅರ್ಧ ಹೋಗುವುದರೊಳಗೆ ನಳಿಗೆ ಕಟ್ಟಿಕೊಂಡಿತು. ಬಿಸಿನೀರಿಗೂ ಬಿಡಲಿಲ್ಲ. ಹಳೆಯದನ್ನು ತೆಗೆದು ಹೊಸದು ಹಾಕಬೇಕು, ಎಕ್ಸ್‌ರೇ ಆಗಬೇಕು, ಡಾಕ್ಟರು ಬರಬೇಕು. ಮುಂಜಾನೆಯಿಂದ ಸಂಜೆತನಕ 'ಹೋದದ್ದು' ಎಂಬ ಸಾಲು ಖಾಲಿ ಉಳಿಯಿತು. ಮೊದಲೇ ಸೊರಗಿದ ಮಗನ ಕೆನ್ನೆ ಗಿರಿಜಾಬಾಯಿಯ ಮಂಜುಗಣ್ಣಿಗೂ ಗುಳಿಬಿದ್ದು ಕಂಡಿತು.

"ಎರಡು ಸಲ ಸೋಸಂತ ಬಡ್ಕೊಂಡೆ!" ಲಿಡಿಯಾ ಶಾಲುವಿನ ಮೇಲೆ ಹರಿಹಾಯ್ದಳು. "ಏನ್ ಕಲಸಿದಿ ಇದರಾಗ?"

ಪಾತ್ರೆಯ ತಳ ಸವರಿದ ಶಾಲುವಿನ ಬೆರಳಿಗೆ ಬಿಳಿ ಜೋಳದ ಹಿಟ್ಟು ಅಂಟಿತ್ತು. ಒಮ್ಮೆ ಅದನ್ನು ನೋಡಿದಳು, ಒಮ್ಮೆ ಅತ್ತೆಯನ್ನು. "ನಂದೇ ತಪ್ಪಾಯ್ತ್ರಿ ಸಿಸ್ಟರ್."

"ನಾಳಿಂದ ನೀ ಬ್ಯಾಡ. ಆಯಿ, ನೀವೇ ಮಾಡ್ರಿ. ಗೆರಿ ನಾ ನೋಡ್ತೇನಿ."

ಬೇಡಿದ್ದು ಕೈಗೆ ಬಂತು. ಗಿರಿಜಾಬಾಯಿ ಸೋಸುವ ಬಟ್ಟೆಯನ್ನು ಇಸಕೊಂಡೇಬಿಟ್ಟಳು. ಆದರೆ ಸೊಸೆ ಗೋಡೆಗಾನಿ ಕೂತು, ಬೈಸಿಕೊಂಡ ಮುಖವನ್ನು ಸೆರಗಿನಲ್ಲಿ ಒರೆಸುತ್ತಿದ್ದ ಪರಿ ನೋಡಿ ಮತ್ತೆ ಉರಿ ಎದ್ದಿತು. ಮಗನ ಸಲುವಾಗಿ ಬೈಸಿಕೊಳ್ಳುವುದನ್ನೂ ಇವಳೇ ಕಸಕೊಂಡಳಲ್ಲ! ನಾಳೆ ಅವನು ಕಣ್ಣು ಬಿಟ್ಟರೆ ಯಾರನ್ನು ದೊಡ್ಡವಳೆನ್ನುತ್ತಾನೆ?

"ಏ ಸಿಸ್ಟರ್! ಆಕಿ ಏನೂ ಮಾಡಿಲ್ಲ. ಹಿಟ್ಟು ಹಾಕಿದಾಕಿ ನಾ!" ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು. "ಬೈಯೂದಿದ್ರ ನನಗ ಬೈರಿ. ಅವ ನನ್ನ ಮಗ!"

ಲಿಡಿಯಾಗೆ ಸಿಟ್ಟು ಬರಬೇಕೋ ನಗೆ ಬರಬೇಕೋ ತಿಳಿಯಲಿಲ್ಲ. "ಕದ್ದು ಮಾಡಿದ್ದನ್ನೂ ಜಂಬದಿಂದ್ಲೇ ಹೇಳ್ತೀರಲ್ಲ ಆಯಿ! ನಳಿಗಿ ಕಟ್ಟಿದ್ರ ಮಗನ ಜೀವಾನೇ ಕಟ್ಟತದ."

ಆ ಮಾತಿಗೆ ಮುದುಕಿ ಹಿಟ್ಟಿನ ಗಂಟನ್ನು ಮಂಚದ ಕೆಳಗೆ ದೂರ ತಳ್ಳಿದಳು.

ಸಂಜೆ ಹೊಸ ನಳಿಗೆ ಕೂತಿತು. ಲಿಡಿಯಾ ಕೆಲಸ ಹಂಚಿದಳು: ಸೋಸುವುದು ಅತ್ತೆ, ಅಳೆದು ಹೊಯ್ಯುವುದು ಸೊಸೆ.

ಗಿರಿಜಾಬಾಯಿ ಎರಡು ಸಲ ಸೋಸಿದಳು. ಆಮೇಲೆ ಮೂರನೆಯ ಸಲವೂ ಸೋಸಿದಳು.

"ಎರಡೇ ಸಾಕ್ರಿ ಅತ್ತಿ, ತಡ ಆಗ್ಲಿಕತ್ತದ," ಎಂದಳು ಶಾಲು.

"ನಿನಗ ಎರಡು ಸಾಕಾಗಿರಬಹುದು."

ಶಾಲು ಪಾತ್ರೆ ತೆಗೆದುಕೊಂಡಳು, ಸಿರಿಂಜು ಎತ್ತಿ ಹಿಡಿದಳು. ಮುದುಕಿ ಮಂಜುಗಣ್ಣು ಕೀಲಿಸಿ ಅವಳ ಕೈಯನ್ನೇ ನೋಡುತ್ತ ನಿಂತಳು, ಒಂದು ಹನಿ ಆಚೆ ಬಿದ್ದೀತೇ ಎಂದು. ಬೀಳಲಿಲ್ಲ. ಹಾಳಾದವಳು, ಒಂದು ಹನಿಯನ್ನೂ ಬೀಳಿಸಲಿಲ್ಲ.