ಅರ್ಥ ಯಾರು ಹೇಳಬೇಕು

ಅಡಿವೆಪ್ಪ ಮಾಸ್ತರನ ಮೊದಲ ಕಥೆ ಅಚ್ಚಾಗಿತ್ತು. ಹುಕ್ಕೇರಿಯಲ್ಲಿ ಮಾಸಪತ್ರಿಕೆ ನಡೆಸುತ್ತಿದ್ದ ಶೇಷಗಿರಿರಾಯರು ತಾವೇ ಮೂಡಲಗಿಗೆ ಬಂದು, ಮಠದ ಪಡಸಾಲೆಯಲ್ಲಿ ಅದನ್ನು ಓದತೊಡಗಿದರು. ಕಥೆಯ ಮುದುಕಿ ಕಳ್ಳನನ್ನು ಬೈಯುವ ಮಾತನ್ನು ಅಡಿವೆಪ್ಪ ತನ್ನ ಅವ್ವ ಗೌರವ್ವನ ಬಾಯಿಂದಲೇ ಎತ್ತಿಕೊಂಡಿದ್ದ: "ನಿನ್ನ ಕೈ ಸೇದಿ ಹೋಗ್ಲಿ, ಭಾಡ್ಯಾ!"

ರಾಯರು ಓದಿದರು: "ಎಲೈ ದುರುಳನೇ, ನಿನ್ನ ಕರಗಳು ಕ್ಷಯಿಸಲಿ!"

ಒಂದು ಮಾತು ಕೇಳದೆ ಕಥೆಯನ್ನೆಲ್ಲ ತಿದ್ದಿಬಿಟ್ಟಿದ್ದರು. ಅಡಿವೆಪ್ಪನಿಗೆ ಮೈಯೆಲ್ಲ ಉರಿಯಿತು.

ಆ ಮಠದಲ್ಲಿ ಒಬ್ಬರು ಪುರಾಣದ ಪದ್ಯ ಓದಿದರೆ ಬಾಜೂ ಕೂತವರು ಅರ್ಥ ಹೇಳುವುದು ರೂಢಿ. ಓದು ಮುಗಿದಾಗ ಮಂದಿಯ ನಡುವೆ ಕೂತಿದ್ದ ಗೌರವ್ವ ಭಕ್ತಿಯಿಂದ ಕೇಳಿದಳು: "ಭಾಳ ಚಲೋ ಓದಿದ್ರಿ. ಇನ್ನ ಅರ್ಥ ಯಾರ ಹೇಳ್ತಾರ್ರಿ?"

ರಾಯರು ಹಿಗ್ಗಿದರು. "ನೋಡ್ರಿ ಮಾಸ್ತರ, ನಾ ತಿದ್ದಿದ್ದಕ್ಕ ಪುರಾಣದ ತೂಕ ಬಂತು!"

"ಎಲ್ಲಿ ತೂಕರಿ? ನಮ್ಮವ್ವನ ಮಾತು ನಮ್ಮವ್ವಗ ತಿಳೀಲಾರ್ದಂಗ ಮಾಡೀರಿ. ಅಚ್ಚಿಗಂತ ನಿಮಗ ಕೊಟ್ಟ ನನ್ನ ಎರಡನೇ ಕಥಿ ಹೊಳ್ಳಿ ಕೊಡ್ರಿ."

"ಇಂಥಾ ಹಳ್ಳಿ ಮಾತು ಯಾರೂ ಅಚ್ಚ ಹಾಕಂಗಿಲ್ಲ."

"ಹಾಕಬ್ಯಾಡ್ರಿ!"

ಅಡಿವೆಪ್ಪ ರಾಯರ ಚೀಲದಿಂದ ತನ್ನ ಹಾಳೆಗಳನ್ನು ಎಳೆದುಕೊಂಡು ಅಲ್ಲೇ ಕೂತು ಗಟ್ಟಿಯಾಗಿ ಓದತೊಡಗಿದ. ಎರಡು ಸಾಲು ಆಗುವಷ್ಟರಲ್ಲಿ ಗೌರವ್ವ ಎದ್ದು ನಿಂತು ರೇಗಿದಳು: "ಏ ಖೋಡಿ, ನಾ ಮನ್ಯಾಗ ಆಡಿದ್ದ ಮಠದಾಗ ಯಾಕ ಹೇಳಾಕತ್ತಿ?"

ಅಡಿವೆಪ್ಪ ನಿಲ್ಲಿಸಲಿಲ್ಲ.