ಮದ್ದಿನ ಟ್ಯಾಂಕ್

ನಮ್ಮ ಮನೆಯಲ್ಲಿ ಮೀನಿಗೆ ಹುಷಾರು ತಪ್ಪಿದರೆ ನಾನು ಹೊಸ್ತಿಲು ದಾಟುವ ಹಾಗಿಲ್ಲ. ಉಪ್ಪುನೀರಿನ ಮೀನು ಸಾಕುವುದು ನನ್ನ ಗಂಡ ಶ್ರವಣ್ ಅವರ ಹುಚ್ಚು. ಅವರಿರುವುದು ಬಹರೈನಿನಲ್ಲಿ, ಮೀನಿರುವುದು ಬಿ.ಸಿ.ರೋಡಿನ ಫ್ಲ್ಯಾಟಿನಲ್ಲಿ. ಚಾಕರಿಗೆ ನಾನಿದ್ದೇನಲ್ಲ!

ಈ ಸಲ ಬಂದದ್ದು ಬಿಳಿ ಚುಕ್ಕೆ. ಹಳದಿ ಮೀನಿನ ಮೈಮೇಲೆ ಯಾರೋ ರವೆ ಉದುರಿಸಿದ ಹಾಗಿತ್ತು. ಕಣ್ಣಿಗೆ ಕಾಣದ ಹುಳದ ಕೆಲಸವಂತೆ. ಅದಕ್ಕೆ ತಾಮ್ರದ ಮದ್ದು ಬೇಕು, ಆದರೆ ದೊಡ್ಡ ಟ್ಯಾಂಕಿಗೆ ಹಾಕಿದರೆ ಅಲ್ಲಿನ ಹವಳ ಸಾಯುತ್ತದೆ. ಹಾಗಾಗಿ ಮೀನುಗಳನ್ನೆಲ್ಲ ಹಿಡಿದು ಪಕ್ಕದ ಕೋಣೆಯ ಬರಿಗಾಜಿನ ಟ್ಯಾಂಕಿಗೆ ಬಿಟ್ಟೆ. ಅದರಲ್ಲಿ ಕಲ್ಲಿಲ್ಲ, ಮರಳಿಲ್ಲ, ಅಡಗಲು ಪಿವಿಸಿ ಪೈಪಿನ ತುಂಡುಗಳು ಮಾತ್ರ. ಮೂರು ಹೊತ್ತೂ ನೀರಿನಲ್ಲಿ ಮದ್ದು ಎಷ್ಟಿದೆಯೆಂದು ಪರೀಕ್ಷಿಸಬೇಕು. ಕಡಿಮೆಯಾದರೆ ಹುಳ ಉಳಿಯುತ್ತದೆ, ಹೆಚ್ಚಾದರೆ ಮೀನೇ ಹೋಗುತ್ತದೆ.

ಟ್ಯಾಂಕಿನ ಮೇಲೆ ಕ್ಯಾಮೆರಾ ಉಂಟು. ಶ್ರವಣ್ ರಜೆಗೆ ಬಂದಾಗ ತಾವೇ ಗೋಡೆಗೆ ಕೂರಿಸಿದ್ದು. ಸಂಜೆ ಕೆಲಸ ಬಿಟ್ಟ ಮೇಲೆ ದಿನದ ರೆಕಾರ್ಡಿಂಗ್ ನೋಡಿ ಫೋನ್ ಮಾಡುತ್ತಾರೆ. "ಬೆಳಿಗ್ಗೆ ಬಲೆ ತೊಳೆಯದೆ ಮುಳುಗಿಸಿದ್ದಿ ಅಲ್ವಾ?" ಎಂದು ಕೇಳಿದರೆ ಮರುದಿನ ಬಲೆಯನ್ನು ಎರಡು ಸಲ ತೊಳೆಯುತ್ತೇನೆ. ಆ ಕೋಣೆಗೆ ಹೋಗುವಾಗ ನಾನು ತಲೆ ಬಾಚಿಕೊಂಡು ಹೋಗುತ್ತೇನೆ.

ಹೀಗಿರುವಾಗ ಮೂಡುಬಿದಿರೆಯ ಶಾಲೆಯೊಂದರಿಂದ ಕರೆ ಬಂತು. ಗಣಿತದ ಟೀಚರ್ ಹೆರಿಗೆಗೆ ಹೋಗುತ್ತಾರೆ, ಸೋಮವಾರದಿಂದ ನೀವು ಬರುತ್ತೀರಾ ಎಂದು. ಬಿ.ಎಡ್. ಮುಗಿಸಿ ಮದುವೆಯಾದ ಮೇಲೆ ನಾನು ಸೀಮೆಸುಣ್ಣ ಹಿಡಿದವಳಲ್ಲ. ಹಿಂದೊಮ್ಮೆ ಶಾಲೆಯವರು ಕರೆದಾಗ ಹೊಸ ಮೀನು ಬಂದಿತ್ತು, ಅದನ್ನು ತಿಂಗಳಿಡೀ ಬೇರೆಯಿಟ್ಟು ಕಾಯಬೇಕಿತ್ತು. ಈಗಲೂ ಒಲ್ಲೆನೆಂದರೆ ಮತ್ತೆ ಕರೆಯುವುದಿಲ್ಲ.

"ಮೀನು ಸರಿ ಆಗ್ಲಿ, ಮತ್ತೆ ನೋಡುವ" ಎಂದರು ಶ್ರವಣ್.

"ಶಾಲೆಯವರು ಕಾಯುದಿಲ್ಲ."

"ಮೀನು ಕಾಯ್ತದಾ?"

ಫೋನ್ ಇಟ್ಟು ಮೀನಿಗೆ ಬಾಯಿಗೆ ಬಂದ ಹಾಗೆ ಬೈದೆ. ಎದುರು ಮನೆಯ ಖದೀಜ ಓಡಿಬಂದಳು. ಶಾಲೆಯ ವಿಷಯ ಅವಳಿಗೆ ಮೊದಲೇ ಹೇಳಿದ್ದೆ.

"ಎಂತ ಸುಪ್ರೀತಕ್ಕ, ಮೀನಿಗೆ ಬಯ್ಯುದಾ? ಪುಳಿಮುಂಚಿ ಸಾರು ಮಾಡಿದ್ರೆ ಒಂದು ತಟ್ಟೆಗೆ ಸಾಲುದಿಲ್ಲ, ಇದಕ್ಕೆ ಎಂತ ದರ್ಬಾರು! ಮಧ್ಯಾಹ್ನದ್ದು ನಾನು ನೋಡ್ತೇನೆ. ನೀವು ಹೋಗಿ."

"ಕ್ಯಾಮೆರಾ ಉಂಟಲ್ಲ ಮಾರಾಯ್ತಿ!"

"ಗೊತ್ತಾದ್ರೆ ಬಯ್ತಾರೆ. ಬಯ್ಯಲಿ."

ಭಾನುವಾರ ಅವಳಿಗೆ ಎಲ್ಲ ಕಲಿಸಿಕೊಟ್ಟು, ಸೋಮವಾರ ಸಿದ್ದಕಟ್ಟೆ ಮೇಲೆ ಮೂಡುಬಿದಿರೆಗೆ ಹೋಗುವ ಬಸ್ಸು ಹತ್ತಿದೆ. ಪಾಠ ಮಾಡುವಾಗಲೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಸಂಜೆ ಫೋನ್ ರಿಂಗಾದಾಗ ಹೇಳಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಿಟ್ಟಿದ್ದೆ. ಅವರು ಮೀನು ಎಷ್ಟು ತಿಂದಿತೆಂದು ಕೇಳಿ ಇಟ್ಟರು. ಮರುದಿನವೂ ಅಷ್ಟೇ. ಪುಣ್ಯಕ್ಕೆ ಮಧ್ಯಾಹ್ನದ ರೆಕಾರ್ಡಿಂಗ್ ನೋಡಿರಲಿಕ್ಕಿಲ್ಲ ಅಂದುಕೊಂಡೆ.

ಶುಕ್ರವಾರ ಅವರ ದನಿಯಲ್ಲಿ ಸಂಭ್ರಮ. "ವಾಟ್ಸಾಪ್ ನೋಡು. ಇವತ್ತು ಮಧ್ಯಾಹ್ನದ್ದು ಕಳಿಸಿದ್ದೇನೆ."

ತೆರೆದೆ. ಹಳದಿ ಮೀನು ಪೈಪಿನಿಂದ ಹೊರಬಂತು. ಮೇಲಿನಿಂದ ಒಂದು ಕೈ ಇಳಿದು ಆಹಾರ ಉದುರಿಸಿತು. ಮಣಿಕಟ್ಟಿನವರೆಗೆ ದಟ್ಟ ಮೆಹಂದಿ, ಹಸಿರು ಗಾಜಿನ ಬಳೆ, ಬುರ್ಖಾದ ಕಪ್ಪು ತೋಳು. ತಮ್ಮನ ಮದುವೆಗೆಂದು ಖದೀಜ ಹಾಕಿಸಿಕೊಂಡ ಮೆಹಂದಿ. ಸ್ಕ್ರೀನಿನ ತುಂಬ ಆ ಕೈಯೇ ಇತ್ತು.

"ಸರಿಯಾಗಿ ನೋಡಿದ್ದೀರಾ?" ಎಂದೆ.

"ಹತ್ತು ಸಲ ನೋಡಿದೆ. ಒಂದು ಚುಕ್ಕೆ ಇಲ್ಲ. ನಿನ್ನ ಕೈಯೂ ಈಗ ಪಳಗಿದೆ, ಮೊದಲೆಲ್ಲ ನಡುಗ್ತಿತ್ತು."

ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಇಷ್ಟು ದಿನ ಯಾರ ಕಣ್ಣಿಗೆ ಹೆದರಿ ತಲೆ ಬಾಚಿಕೊಂಡು ಹೋಗುತ್ತಿದ್ದೆನೋ ಆ ಕಣ್ಣು ನನ್ನನ್ನು ಒಮ್ಮೆಯೂ ನೋಡಿರಲಿಲ್ಲ.

"ಹೌದು, ಪಳಗಿದೆ" ಎಂದೆ. ಅವರು ಹೊಸ ಮೀನು ತರಿಸುವ ಮಾತು ಎತ್ತಿದರು.